ಹಳೆಯ ಕಾರಿನ ಮುಖ ಗುಜರಿ ಪಾಲಾಗದಿರಲಿ

ಐವತ್ತು ವರ್ಷ ಮೀರಿದ, ಮೂಲ ರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆ ನೀಡುವ ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಚಾಸಿ, ಹೊರಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ರೇಡಿಯೇಟರನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಹಳೆಯ ಕಾರನ್ನು ನಾವು ದೂರದಿಂದ ಗುರುತಿಸುವುದೇ ಅದರ ರೇಡಿಯೇಟರಿನಿಂದ. ನವೀಕರಣದ ಹೆಸರಿನಲ್ಲಿ ಮೊದಲು ಕೆಡುವುದೂ ಅದೇ. 1920ರ ದಶಕದ ಫೋರ್ಡ್ ‘ಟಿ’ ಕಾರಿಗೆ ಥಳಥಳಿಸುವ ಹಿತ್ತಾಳೆ ರೇಡಿಯೇಟರ್ ತೊಡಿಸಿ ಮೆರೆಯುವವರಿದ್ದಾರೆ. 1917ರ ಮಾದರಿಯಿಂದಲೇ ಫೋರ್ಡ್ ಕಂಪನಿ ಹಿತ್ತಾಳೆಯನ್ನು ಕೈಬಿಟ್ಟು ಕಪ್ಪು ಬಣ್ಣದ ಉಕ್ಕಿನ ಕವಚಕ್ಕೆ ಹೊರಳಿತ್ತು. ಅಯಸ್ಕಾಂತವೊಂದು ಸಾಕು, ಗುಟ್ಟು ರಟ್ಟಾಗುತ್ತದೆ. ಲೇಪನವೂ ಸಾಕ್ಷಿ ನುಡಿಯುತ್ತದೆ: ನಿಕ್ಕಲ್ಲಿನ ಹೊಳಪು ತುಸು ಹಳದಿ, ಕ್ರೋಮಿನದು ನೀಲಿ ಛಾಯೆ. ಕ್ರೋಮ್ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕೂ ಹಿಂದಿನ ಕಾರು ಕನ್ನಡಿಯಂತೆ ನೀಲಿಯಾಗಿ ಮಿಂಚಿದರೆ ಅನುಮಾನಿಸುವುದೇ ಲೇಸು.

ನಮ್ಮ ಭೀಮನಬೀಡು, ಗುಂಡ್ಲುಪೇಟೆ ಸೀಮೆಯಲ್ಲಿ ಉಳಿದಿರುವುದು ಅರಸರ ಕಾರುಗಳಲ್ಲ. ಅಂಬಾಸಿಡರ್, ಫಿಯೆಟ್, ಜೀಪುಗಳು. 1957ರಲ್ಲಿ ಆರಂಭವಾದ ಅಂಬಾಸಿಡರಿನ ಮೊದಲ ಮಾದರಿಗಳು ಐವತ್ತು ದಾಟಿ ಬಹುಕಾಲವಾಯಿತು. ಊಟಿಯ ಘಾಟಿ ಹತ್ತಿ ನೀರು ಕುದಿಸಿಕೊಂಡು ಬಂದ ಈ ಬಂಡಿಗಳಿಗೆ ರೇಡಿಯೇಟರ್ ಬದಲಿಸಿದವರನ್ನು ದೂರುವಂತಿಲ್ಲ, ಅದು ಹೊಟ್ಟೆಪಾಡು. ಆದರೆ ಬಿಚ್ಚಿದ ತಾಮ್ರ, ಹಿತ್ತಾಳೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅದರ ಜಾಗಕ್ಕೆ ಅಲ್ಯೂಮಿನಿಯಂ ಜಾಲರಿ, ಪ್ಲಾಸ್ಟಿಕ್ ತೊಟ್ಟಿ ಬಂದು ಕುಳಿತವು. ಇಂದು ಅದೇ ಕಾರಿಗೆ ‘ಅಪ್ಪಟ’ ಎಂದು ಬೆಲೆ ಕಟ್ಟುತ್ತಾರೆ!

ಸೋರುವ ರೇಡಿಯೇಟರನ್ನು ಇಡಿಯಾಗಿ ಎಸೆಯಬೇಕಿಲ್ಲ. ಮೇಲಿನ, ಕೆಳಗಿನ ಹಿತ್ತಾಳೆ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲರಿಯನ್ನಷ್ಟೇ ಹೊಸದಾಗಿ ಬೆಸೆಯಬಹುದು. ತಯಾರಕರ ಫಲಕ, ಅಚ್ಚೊತ್ತಿದ ಸಂಖ್ಯೆ ಸಾಮಾನ್ಯವಾಗಿ ಇರುವುದು ಮೇಲಿನ ತೊಟ್ಟಿಯ ಮೇಲೆ. ಬಣ್ಣ ಕೆರೆಯುವ ಮುನ್ನ ಅದರ ಚಿತ್ರ ತೆಗೆದಿಡಬೇಕು. ಒತ್ತಡವಿಲ್ಲದ ಕಾಲದ ತೊಟ್ಟಿಗೆ ಒತ್ತಡದ ಮುಚ್ಚಳ ಬಿಗಿದರೆ ಬೆಸುಗೆಯೇ ಬಿರಿಯುತ್ತದೆ. ತಪ್ಪು ಬಿಡಿಭಾಗ ಅಂದಗೇಡಷ್ಟೇ ಅಲ್ಲ, ಅಪಾಯವೂ ಹೌದು.

ಹೊಸ ಜಾಲರಿ ಹಾಕಿಸಿದವರು ಹಾಗೆಂದು ಬರೆದಿಡುವ ಅಂಕಣವೊಂದು ನೋಂದಣಿ ಅರ್ಜಿಯಲ್ಲಿ ಇರಲಿ. ಧರ್ಮಸ್ಥಳದ ವಸ್ತುಸಂಗ್ರಹಾಲಯದಂತಹ ಕಡೆ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಇದೆ. ಅಲ್ಲಿನ ಪ್ರತಿ ಕಾರಿನ ಎದುರು ‘ಇದು ಮೂಲದ್ದು, ಇದು ಬದಲಿ’ ಎಂಬ ಫಲಕ ನೆಟ್ಟರೆ, ನಮ್ಮ ಊರಿನ ಮೆಕ್ಯಾನಿಕ್ಕುಗಳಿಗೂ ಯಾವುದನ್ನು ಗುಜರಿಗೆ ಹಾಕಬಾರದೆಂಬುದು ತಿಳಿದೀತು.