ಮನೆಯಂಗಳದ ಹೂದೋಟ: ಹೂ ಬಿಡದ ಗುಲಾಬಿಬಳ್ಳಿ

ಚಿಕ್ಕಮಗಳೂರಿನ ಕಡೆಯಿಂದ ಸೋದರಿಯೊಬ್ಬರು ಪತ್ರ ಬರೆದಿರುವರು. ಅವರ ಮಾವನವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ಮುಂಬಾಗಿಲ ಚಪ್ಪರಕ್ಕೆ ಗುಲಾಬಿಬಳ್ಳಿಯೊಂದನ್ನು ನೆಟ್ಟಿದ್ದರಂತೆ. ಅವರು ಇದ್ದಷ್ಟು ದಿನ ಅದು ಚೆನ್ನಾಗಿ ಹೂಬಿಟ್ಟಿತು. ಅನಂತರದ ನಾಲ್ಕು ವರ್ಷಗಳಿಂದ ಮಾರುದ್ದದ ಕೊಂಬೆಗಳೇ ಹೊರತು ಮೊಗ್ಗಿನ ಸುಳಿವಿಲ್ಲ. "ಮುಳ್ಳು ಮಕ್ಕಳಿಗೆ ತಾಗುತ್ತದೆ, ಕಿತ್ತುಹಾಕಿ ಆ ಸ್ಥಳದಲ್ಲಿ ಕ್ಲೆಮ್ಯಾಟಿಸ್ ನೆಡಿಸೋಣವೆಂದು ಯಜಮಾನರ ಅಭಿಪ್ರಾಯ. ಅತ್ತೆಯವರು ಏನೂ ಮಾತನಾಡುವುದಿಲ್ಲ. ಗಿಡವನ್ನು ಉಳಿಸಿಕೊಳ್ಳುವ ಉಪಾಯವುಂಟೆ?" ಎಂದು ಕೇಳಿರುವರು.

ಉಂಟು. ರೋಗದ ನಿದಾನವು ಅವರ ಪತ್ರದ ಕೊನೆಯ ಸಾಲಿನಲ್ಲಿಯೇ ಇದೆ: ಮಾಲಿಯು ಪ್ರತಿ ಅಕ್ಟೋಬರಿನಲ್ಲಿಯೂ ತೋಟದ ಗುಲಾಬಿಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾನೆ. ಪೊದೆಗುಲಾಬಿಗೆ ಇದು ಸರಿಯಾದ ಕ್ರಮವೇ. ಮಳೆ ಹಿಂದೆಗೆದ ಮೇಲೆ ಹೀಗೆ ಕತ್ತರಿಸಿದರೆ ಹೊಸ ಚಿಗುರೊಡೆದು, ಸುಮಾರು ಆರೇಳು ವಾರಗಳಲ್ಲಿ ಅದರ ತುದಿಯಲ್ಲಿ ಹೂ ಅರಳುವುದು. ಬಳ್ಳಿಗುಲಾಬಿಯ ಸ್ವಭಾವವೇ ಬೇರೆ. ಅದು ಹಿಂದಿನ ವರ್ಷ ಬೆಳೆದು ಬಲಿತ ಉದ್ದಕೊಂಬೆಯ ಪಕ್ಕದಿಂದ ಹೊರಡುವ ಗೇಣುದ್ದದ ಕವಲುಗಳಲ್ಲಿ ಹೂಬಿಡತಕ್ಕದ್ದು. ಆ ಕೊಂಬೆಯನ್ನೇ ಕತ್ತರಿಸಿ ಎಸೆದರೆ ಬರಲಿರುವ ಹೂಗಳನ್ನು ಎಸೆದಂತೆಯೇ ಸರಿ. ಉತ್ಸರ್ಗಕ್ಕೆ ಅಪವಾದವುಂಟೆಂದು ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನಾನೇ ಒಮ್ಮೆ ನನ್ನ ಹಿತ್ತಲಿನಲ್ಲಿ ಇದನ್ನು ಮರೆತು, ಕಂಬವನ್ನು ಹಬ್ಬಿದ್ದ ಒಳ್ಳೆಯ ಬಳ್ಳಿಯೊಂದನ್ನು ಬುಡಕ್ಕೆ ತಂದಿದ್ದೆನು. ಮನೆಯವರು ಒಂದು ವರ್ಷ ಪೂಜೆಗೆ ಹೂವನ್ನು ಕೊಂಡುತಂದರು, ನನ್ನನ್ನೇನೂ ಅನ್ನಲಿಲ್ಲ.

ಮೊದಲು ಬುಡವನ್ನು ಪರೀಕ್ಷಿಸಿರಿ. ಕಸಿಯ ಗಂಟಿಗಿಂತ ಕೆಳಗಿನಿಂದ ಎದ್ದ ಚಿಗುರು ಕಾಡುಗುಲಾಬಿಯದು. ಅದು ಮೇಲಿನ ಒಳ್ಳೆಯ ಗಿಡದ ಆಹಾರವನ್ನು ಕಸಿಯುವುದು. ಎಲೆಯ ದಳಗಳನ್ನು ಎಣಿಸಿ ಇದನ್ನು ಗುರುತಿಸಬಹುದೆಂಬ ಮಾತನ್ನು ನಂಬಬೇಡಿರಿ. ಅದು ಎಲ್ಲ ಗಿಡಗಳಿಗೂ ಹೊಂದದು. ಮಣ್ಣನ್ನು ಸರಿಸಿ, ಚಿಗುರು ಹುಟ್ಟಿದ ಎಡೆಯನ್ನೇ ನೋಡಬೇಕು. ಕಂಡರೆ ಕತ್ತರಿಸದೆ ಬುಡಸಹಿತ ಕಿತ್ತು ತೆಗೆಯಿರಿ; ಕತ್ತರಿಸಿದರೆ ಒಂದಿದ್ದುದು ನಾಲ್ಕಾಗುತ್ತದೆ.

ಗಂಟಿನ ಮೇಲಿನಿಂದ ಬಂದ ಪುಷ್ಟವಾದ ನಾಲ್ಕೈದು ಕೊಂಬೆಗಳನ್ನು ಹಾಗೆಯೇ ಉಳಿಸಿಕೊಳ್ಳಿರಿ. ಒಣಗಿದ್ದನ್ನೂ ತೀರ ಮುದಿಯಾದುದನ್ನೂ ಮಾತ್ರ ತೆಗೆದು, ಗಾಯಕ್ಕೆ ಮೈಲುತುತ್ತ ಸುಣ್ಣಗಳ ಲೇಪ ಹಚ್ಚಿರಿ. ಇನ್ನು ಮುಖ್ಯವಾದ ವಿಷಯ, ಕಟ್ಟುವುದು. ಕೊಂಬೆಯು ನೆಟ್ಟಗೆ ನಿಂತಿದ್ದರೆ ಅದರ ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ದ್ರವ್ಯವು ಕೆಳಗಿನ ಕಣ್ಣುಗಳನ್ನು ಏಳಗೊಡದು. ಅದೇ ಕೊಂಬೆಯನ್ನು ಮೆಲ್ಲನೆ ಬಗ್ಗಿಸಿ, ನೆಲಕ್ಕೆ ಸಮನಾಗಿ ಮಲಗಿಸಿ ಕಟ್ಟಿದರೆ ಆ ಅಂಕೆ ಸಡಿಲವಾಗಿ, ಉದ್ದಕ್ಕೂ ಇರುವ ಕಣ್ಣುಗಳು ಒಡೆಯುತ್ತವೆ. ಎಳೆಯದಾಗಿರುವಾಗಲೇ ಬಗ್ಗಿಸಬೇಕು, ಬಲಿತ ಮೇಲೆ ಮುರಿಯುತ್ತದೆ. ತಂತಿ ಬೇಡ, ಬಾಳೆನಾರು ಸಾಕು. ಹೂ ಮುಗಿದ ಮೇಲೆ ಪಕ್ಕದ ಕವಲುಗಳನ್ನು ಎರಡು ಮೂರು ಕಣ್ಣು ಬಿಟ್ಟು ಕತ್ತರಿಸಬಹುದು.

ಗೊಬ್ಬರದ ವಿಷಯದಲ್ಲಿ ಅತಿಯಾಸೆ ಬೇಡ. ಸುರಪಾಲನ ವೃಕ್ಷಾಯುರ್ವೇದವು ಮಾಂಸಾದಿಗಳನ್ನು ಕೊಳೆಯಿಸಿದ ಕುಣಪಜಲವನ್ನು ವಿಧಿಸುತ್ತದೆ. ಮುಂಬಾಗಿಲಲ್ಲಿ ಅದರ ಪ್ರಯೋಗವನ್ನು ನಾನು ಯಾರಿಗೂ ಹೇಳಲಾರೆ! ಚೆನ್ನಾಗಿ ಕಳಿತ ಸಗಣಿಗೊಬ್ಬರ, ಒಂದೆರಡು ಹಿಡಿ ಹೊಂಗೆ ಅಥವಾ ಬೇವಿನ ಹಿಂಡಿ, ಸ್ವಲ್ಪ ಮೂಳೆಪುಡಿ ಇವೇ ಸಾಕು. ಕಾಂಡದಿಂದ ಒಂದಡಿ ದೂರದಲ್ಲಿ ಹಾಕಿರಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುವುದೇ ಹೊರತು ಹೂವಾಗದು.

ಯಜಮಾನರ ಕ್ಲೆಮ್ಯಾಟಿಸ್ಸಿನ ವಿಚಾರ. ಅದರ ಕಾಡುಬಂಧುವೊಂದು ಮಲೆನಾಡಿನ ಬೇಲಿಗಳಲ್ಲಿಯೇ ಹಬ್ಬಿ ಕೆನೆಬಿಳುಪಿನ ಹೂಬಿಡುವುದು. ಗುಲಾಬಿಗೆ ಮುಳ್ಳಿನ ಆಸರೆ ಬಿಟ್ಟರೆ ಹಿಡಿತವಿಲ್ಲ, ನಾವೇ ಕಟ್ಟಬೇಕು. ಇದು ಎಲೆಯ ತೊಟ್ಟನ್ನೇ ಸುತ್ತಿ ತಾನಾಗಿ ಏರುತ್ತದೆ. ಆದರೆ ಇಲ್ಲಿಯೂ ಕತ್ತರಿಯ ತೊಡಕು ತಪ್ಪಿದ್ದಲ್ಲ. ಜಾಕ್‌ಮನೈ ಎಂಬ ನೇರಿಳೆ ಬಣ್ಣದ ಜಾತಿಯು ಹೊಸ ಚಿಗುರಿನಲ್ಲಿ ಹೂಬಿಡುವುದರಿಂದ ಅದನ್ನು ಬುಡದ ಒಂದಡಿಯವರೆಗೂ ಕತ್ತರಿಸಬಹುದು; ಹಿಮಾಲಯದ ಮೊಂಟಾನಾ ಜಾತಿಯು ಹಿಂದಿನ ವರ್ಷದ ಕೊಂಬೆಯಲ್ಲಿ ಹೂಬಿಡುವುದರಿಂದ ಹೂ ಮುಗಿಯುವವರೆಗೆ ಮುಟ್ಟಕೂಡದು. ಗಿಡ ಬದಲಾಯಿಸಿದರೂ ಮಾಲಿ ಬದಲಾಗದಿದ್ದರೆ ಫಲವೇನು?

ಆದುದರಿಂದ ಈ ಅಕ್ಟೋಬರಿನಲ್ಲಿ ಆ ಬಳ್ಳಿಯ ಹತ್ತಿರ ಕತ್ತರಿಯನ್ನು ಸುಳಿಯಗೊಡಬೇಡಿರಿ. ಈಗಿರುವ ಕೊಂಬೆಗಳನ್ನು ಚಪ್ಪರದ ಮೇಲೆ ಮಲಗಿಸಿ ಕಟ್ಟಿಸಿರಿ. ಕಟ್ಟುವಾಗ ಅತ್ತೆಯವರನ್ನೂ ಹತ್ತಿರ ಕರೆಯಿರಿ. ಮಾವನವರು ಯಾವ ಕೊಂಬೆಯನ್ನು ಎತ್ತ ಹಬ್ಬಿಸಿದ್ದರೆಂಬುದು ಅವರಿಗೆ ನೆನಪಿರಬಹುದು.