ಹಳೆಯ ಪಿಕಪ್ ವಾಹನಗಳಿಗೆ ದೊಡ್ಡ ಎಂಜಿನ್ ಅಳವಡಿಕೆ: ಮಾಲೀಕರ ಗಮನಕ್ಕೆ

ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿ, ಒಣದ್ರಾಕ್ಷಿಗಳನ್ನು ವಿಜಯಪುರ ನಗರಕ್ಕೆ ತಲುಪಿಸುವಲ್ಲಿ ಲಘು ಸರಕು ವಾಹನಗಳ ಪಾತ್ರ ದೊಡ್ಡದು. ಹೊಸ ವಾಹನದ ಬೆಲೆಯನ್ನು ಭರಿಸಲಾಗದ ಮಾಲೀಕರು ತಮ್ಮ ಹಳೆಯ ಪಿಕಪ್‌ಗೆ ಗುಜರಿಯಲ್ಲಿ ದೊರೆತ ಹೆಚ್ಚು ಸಾಮರ್ಥ್ಯದ ಎಂಜಿನ್ ಕೂಡಿಸಲು ಮುಂದಾಗುವುದು ಅರ್ಥವಾಗುವಂಥದ್ದೇ. ಆದರೆ ಉಳಿತಾಯವೆಂದು ಕಂಡದ್ದು ನಷ್ಟಕ್ಕೆ ದಾರಿಯಾಗಬಹುದು.

ಕಾನೂನಿನ ನಿಲುವು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅನಿಲ ಅಥವಾ ವಿದ್ಯುತ್ ಚಾಲನೆಗೆ ಅನುಮೋದಿತ ಕಿಟ್ ಅಳವಡಿಸುವುದಕ್ಕೆ ಷರತ್ತುಬದ್ಧ ಅವಕಾಶವಿದೆ. ಅಕ್ರಮ ಮಾರ್ಪಾಟಿಗೆ 2019ರ ತಿದ್ದುಪಡಿಯು ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ, ಅಥವಾ ಎರಡನ್ನೂ ನಿಗದಿಪಡಿಸಿತು.

ಭಾರ ಮತ್ತು ಸುರಕ್ಷತೆ

ಎಂಜಿನ್ ದೊಡ್ಡದಾದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿನ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಬ್ರೇಕು, ಕ್ಲಚ್ಚು, ಗೇರುಪೆಟ್ಟಿಗೆ, ಅಚ್ಚು ಹಾಗೂ ಚಾಸಿಗಳು ಮೂಲ ಎಂಜಿನ್ನಿನ ಶಕ್ತಿಗೆ ತಕ್ಕಂತೆ ರೂಪುಗೊಂಡಿರುತ್ತವೆ. ಭಾರವಾದ ಎಂಜಿನ್ನಿನಿಂದ ಮುಂಗಾಲಿಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಹೀಗಿರುವಾಗ ವೇಗ ಕೂಡಿದರೂ ನಿಲ್ಲಿಸುವ ಶಕ್ತಿ ಕೂಡುವುದಿಲ್ಲ. ಅಪಘಾತವಾದಲ್ಲಿ ವಿಮಾ ಪರಿಹಾರದ ಬಗ್ಗೆಯೂ ತಕರಾರು ಉದ್ಭವಿಸಬಹುದು.

ಎಂಟು ವರ್ಷ ಮೀರಿದ ಸಾರಿಗೆ ವಾಹನವು ಪ್ರತಿವರ್ಷ ಅರ್ಹತಾ ಪತ್ರವನ್ನು ನವೀಕರಿಸಿಕೊಳ್ಳಬೇಕು. ಎಂಜಿನ್ ಸಂಖ್ಯೆ ದಾಖಲೆಗೆ ತಾಳೆಯಾಗದಿದ್ದಲ್ಲಿ ನವೀಕರಣಕ್ಕೆ ತೊಡಕಾಗಿ, ಸುಗ್ಗಿಯ ವೇಳೆಗೆ ವಾಹನ ನಿಲ್ಲುವ ಸಂಭವವಿದೆ.

ಮಾಲೀಕರು ಮಾಡಬೇಕಾದದ್ದು

1. ಸವೆದ ಎಂಜಿನ್ನನ್ನು ಮೊದಲು ದುರಸ್ತಿ ಮಾಡಿಸುವುದು. ಬದಲಾಯಿಸಲೇಬೇಕಿದ್ದಲ್ಲಿ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನೇ ಆರಿಸುವುದು.

2. ಕೆಲಸ ಆರಂಭಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಛೇರಿಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು.

3. ಎಂಜಿನ್ ಖರೀದಿಯ ರಸೀದಿಯನ್ನು ಕಾಯ್ದಿಡುವುದು. ಮೂಲ ತಿಳಿಯದ ಎಂಜಿನ್ ಕಳವಿನದಾಗಿರುವ ಸಾಧ್ಯತೆ ಇರುತ್ತದೆ.

4. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯುವುದು.

5. ಅನುಮತಿಯಂತೆ ಬದಲಾವಣೆಯಾದ 14 ದಿನಗಳೊಳಗೆ ನೋಂದಣಿ ಪತ್ರ ಮತ್ತು ಶುಲ್ಕದೊಂದಿಗೆ ವರದಿ ಮಾಡಿ, ಹೊಸ ಎಂಜಿನ್ ಸಂಖ್ಯೆಯನ್ನು ದಾಖಲಿಸಿಕೊಳ್ಳುವುದು.

ಹೆಚ್ಚು ಭಾರ ಸಾಗಿಸುವುದೇ ಅಗತ್ಯವಾಗಿದ್ದಲ್ಲಿ, ಎಂಜಿನ್ನಿಗೆ ವೆಚ್ಚ ಮಾಡುವ ಬದಲು ಆ ಭಾರಕ್ಕೆಂದೇ ನೋಂದಣಿಯಾದ ವಾಹನವನ್ನು ಬಾಡಿಗೆಗೆ ಪಡೆಯುವುದು ಅಥವಾ ಖರೀದಿಸುವುದು ಸೂಕ್ತ. ಗ್ಯಾರೇಜಿಗೆ ಮುಂಗಡ ಕೊಡುವ ಮುನ್ನ ಕಛೇರಿಯಲ್ಲಿ ವಿಚಾರಿಸಬೇಕೆಂದು ವಾಹನ ಮಾಲೀಕರನ್ನು ಕೋರಲಾಗಿದೆ.