ಚಟುವಟಿಕೆಯ ಪಾಠ ಮತ್ತು ಕನ್ನಡದ ಮಕ್ಕಳು

ಮೂವತ್ತೆರಡರಿಂದ ಏಳನ್ನು ಕಳೆಯಬೇಕು. ಎರಡರಿಂದ ಏಳು ಹೋಗುವುದಿಲ್ಲ, ಆದ್ದರಿಂದ ಪಕ್ಕದಿಂದ ಸಾಲ ತೆಗೆ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಸಾಲ ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳಿದವರಿಲ್ಲ. ಇಂದಿನ ಒಳ್ಳೆಯ ಅಧ್ಯಾಪಕರು ಹೀಗೆ ಮಾಡುವುದಿಲ್ಲ. ಹಿಡಿಸೂಡಿಯ ಕಡ್ಡಿಗಳನ್ನು ತುಂಡು ಮಾಡಿ, ಹತ್ತು ಹತ್ತನ್ನು ಬಾಳೆನಾರಿನಿಂದ ಕಟ್ಟಿಸುತ್ತಾರೆ. ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಕೊಡು ಎಂದಾಗ ಮಗು ತುಸು ತಡವರಿಸಿ, ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ಲೆಕ್ಕ ತಿಳಿಯುವುದು ಆ ಗಳಿಗೆಯಲ್ಲಿ.

ಕೈಗೆ ಕೆಲಸ ಕೊಟ್ಟು ಕಲಿಸುವ ಈ ವಿಚಾರ ಹಳೆಯದು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲ ಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಕುಣಿತಗಳಿಂದ ಮಕ್ಕಳಿಗೆ ಕಲಿಸುವ ಪ್ರಯೋಗ ನಡೆಸಿದರು. ಕೇರಳದಲ್ಲಿ 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದಾಗಿತ್ತು. ಚಟುವಟಿಕೆ ಆಧಾರಿತ ಪಾಠಕ್ರಮ ಅದರ ಬೆನ್ನಿಗೇ ಬಂತು. ಮಗ್ಗಿ ಮರೆತುಹೋಯಿತೆಂದು ಆಗ ಗೊಣಗಿದ ಹೆತ್ತವರು ಬಹಳ. ಆ ಗೊಣಗಾಟದಲ್ಲಿ ಸ್ವಲ್ಪ ನ್ಯಾಯವೂ ಇತ್ತೆನ್ನಬೇಕು.

ಆದರೆ ನಾವು ಇಂದು ಎತ್ತುವ ಪ್ರಶ್ನೆ ಬೇರೆ. ಬಾಯಿಪಾಠವನ್ನು ಭಾಷೆ ಬಾರದವರೂ ಒಪ್ಪಿಸಿಕೊಳ್ಳಬಹುದು; ಚಟುವಟಿಕೆಯ ಪಾಠವನ್ನು ಅವರು ನಡೆಸಲಾರರು. ಕಟ್ಟು ಬಿಚ್ಚಿದ ಮಗುವನ್ನು "ಯಾಕೆ ಬಿಚ್ಚಿದೆ ಮಗೂ?" ಎಂದು ಕೇಳಬೇಕು. ಅದು ಅರ್ಧ ಕನ್ನಡದಲ್ಲಿ, ಅರ್ಧ ತುಳುವಿನಲ್ಲೋ ಹವ್ಯಕ ಮಾತಿನಲ್ಲೋ ಹೇಳುವುದನ್ನು ಕೇಳಿ, ಅದರಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು. ಆ ಮಾತು ನಿಂತರೆ ಉಳಿಯುವುದು ಬರಿಯ ಕಡ್ಡಿ.

ನಮ್ಮ ಜಿಲ್ಲೆಯ ಕನ್ನಡ ತರಗತಿಗಳಿಗೆ ಕನ್ನಡ ಬಾರದವರನ್ನು ನೇಮಿಸಿದ ಪ್ರಕರಣಗಳು ಒಂದೆರಡಲ್ಲ. ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ವಾಚಕರು ಬಲ್ಲರು. ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ಹಾಗೆ ನೇಮಕಗೊಂಡವರ ಮೇಲೂ ಸಿಟ್ಟಿಲ್ಲ. ಅವರ ಪಾಡೂ ಕಷ್ಟದ್ದೇ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುವ 350 ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷದಲ್ಲೇ. ಕಾನೂನಿಗೆ ನಮ್ಮಷ್ಟೇ ವಯಸ್ಸಾಗಿದೆ!

ಪ್ರಮಾಣಪತ್ರದಲ್ಲಿ ಕನ್ನಡವಿದ್ದರೆ ಸಾಲದು. ನೇಮಕಕ್ಕೆ ಮೊದಲು ಅಭ್ಯರ್ಥಿಯಿಂದ ಎರಡನೇ ತರಗತಿಯ ಮಕ್ಕಳಿಗೆ ಅರ್ಧ ಗಂಟೆ ಪಾಠ ಮಾಡಿಸಿ ನೋಡಲಿ. ಮಾಯಿಪ್ಪಾಡಿಯ ಶಿಕ್ಷಕ ತರಬೇತಿ ಸಂಸ್ಥೆಯೂ ಅಡಿಕೆ ಹಾಳೆ, ತೆಂಗಿನ ಗರಿ, ಸುರಂಗದ ನೀರು, ಕುಂಬಳೆ ಸೀಮೆಯ ಯಕ್ಷಗಾನ ಮೊದಲಾದ ಇಲ್ಲಿನದೇ ಸಾಮಗ್ರಿಯಿಂದ ಕನ್ನಡದಲ್ಲೇ ಚಟುವಟಿಕೆಗಳನ್ನು ರೂಪಿಸಿ ಶಾಲೆಗಳಿಗೆ ಕೊಡಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಹೆತ್ತವರಲ್ಲೂ ನಮ್ಮದೊಂದು ವಿನಂತಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲೇ ಯಾವ ತರಗತಿಗೆ ಯಾರು ಎಂದು ರಕ್ಷಕ-ಶಿಕ್ಷಕ ಸಂಘದಲ್ಲಿ ಕೇಳಿ ತಿಳಿದುಕೊಳ್ಳಿ. ಮಳೆಗಾಲ ಕಳೆದ ಮೇಲೆ ಮನವಿ ಹಿಡಿದು ಹೊರಟರೆ ಓಣಂ ಪರೀಕ್ಷೆಯೇ ಮುಗಿದಿರುತ್ತದೆ.